ತೋಟದಲ್ಲಿ 10 ಮೀಟರ್ ಏರ್ ರೈಫಲ್ ರೇಂಜ್: ಬರೆ ಕಡೆಗಾ, ಗದ್ದೆ ಕಡೆಗಾ?

ಅಡಿಕೆಮನೆ: ಮಗಳು ಎನ್‌ಸಿಸಿಯಲ್ಲಿದ್ದಾಳೆ, ಗುರಿ ಚೆನ್ನಾಗಿದೆ. ರಜೆಗೆ ಬಂದಾಗ ಅಭ್ಯಾಸಕ್ಕೆ ಅಂತ ಕೊಪ್ಪದ ಹತ್ತಿರ ನಮ್ಮ ತೋಟದಲ್ಲೇ ರೇಂಜ್ ಮಾಡಿಕೊಡಬೇಕು ಅಂತಿದ್ದೇನೆ. ಮನೆ ಹಿಂದೆ ಎರಡಾಳೆತ್ತರದ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ ಇದೆ. ಮುಂದೆ ಅಂಗಳ, ಅದರಾಚೆ ಗದ್ದೆ, ಬೆಳಕು ಅಲ್ಲೇ ಜಾಸ್ತಿ. ಕೆಲಸದವರು, ದನ, ನಾಯಿ ಎಲ್ಲಾ ಓಡಾಡುತ್ತಿರುತ್ತವೆ, ಅದೇ ಭಯ. ಲೈಸೆನ್ಸ್ ಬೇಕಾ?

ಕೋವಿಮನೆ: ಬರೆ ಕಡೆಗೇ ಮಾಡಿ ಸಾರ್, ಯೋಚನೆಯೇ ಬೇಡ. ನಮ್ಮ ಕೊಡಗಿನಲ್ಲಿ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವಾಗಲೂ ಹಿರಿಯರು ಮೊದಲು ನೋಡುವುದು ಕಾಯಿಯನ್ನಲ್ಲ, ಅದರ ಹಿಂದೆ ಏನಿದೆ ಅಂತ. ಗುರಿ ತಪ್ಪಿದ ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) ಗದ್ದೆಯಲ್ಲಿ ನೂರಾರು ಮೀಟರ್ ಹೋಗುತ್ತದೆ. ಬರೆಯಲ್ಲಿ ಕಲ್ಲು ಕಂಡರೆ ಅಷ್ಟು ಜಾಗಕ್ಕೆ ಮಣ್ಣಿನ ಮೂಟೆ ಪೇರಿಸಿ, ಕಲ್ಲಿಗೆ ಬಿದ್ದರೆ ವಾಪಸ್ ಸಿಡಿಯುತ್ತದೆ.

ಹತ್ತರ ಗುರಿ: ನಳಿಗೆಯ ಒಳ ಅಳತೆ (ಬೋರ್) .177 ಇಂಚು, ಪೆಲೆಟ್ ಹೊರಬೀಳುವ ಶಕ್ತಿ 20 ಜೂಲ್ ಒಳಗಿರುವ ಏರ್ ರೈಫಲ್‌ಗೆ 2016ರ ಆಯುಧ ನಿಯಮದ ಪ್ರಕಾರ ಲೈಸೆನ್ಸ್ ಬೇಡ. ಮದ್ದಿನ ತೋಟಾ ಹಾಕುವ .22 ರೈಫಲ್ ಮಾತೇ ಬೇರೆ, ಅದರ ಗುಂಡು ಒಂದೂವರೆ ಕಿಲೋಮೀಟರ್ ಹೋಗುತ್ತದೆ, ಅದನ್ನು ಲೈಸೆನ್ಸ್ ಇರುವ ಕ್ಲಬ್ಬಿನಲ್ಲೇ ಹೊಡೆಯಲಿ.

ಟಾರ್ಗೆಟ್‌ನ ನಡು ನೆಲದಿಂದ 1.4 ಮೀಟರ್ ಎತ್ತರದಲ್ಲಿರಲಿ. ಅದರ ಹಿಂದೆ ಕಬ್ಬಿಣದ ಡಬ್ಬ, ಒಳಗೆ ತಗಡನ್ನು ಓರೆಯಾಗಿ, ಮೇಲ್ತುದಿ ಶೂಟರ್ ಕಡೆ ಬಾಗಿದ ಹಾಗೆ ವೆಲ್ಡ್ ಮಾಡಿಸಿ. ಆಗ ಪೆಲೆಟ್ ಕೆಳಗಿನ ಮರಳಿಗೆ ಬೀಳುತ್ತದೆ. ನೆಟ್ಟಗೆ ನಿಲ್ಲಿಸಿದರೆ ಚೂರು ಮುಖಕ್ಕೇ ಬರುತ್ತದೆ, ಹೇಗಿದ್ದರೂ ಕನ್ನಡಕ ಬೇಕೇ ಬೇಕು. ಸೀಸದ ಪೆಲೆಟ್ ಮಾತ್ರ ತನ್ನಿ, ಉಕ್ಕಿನ ಗುಂಡು ಬೇಡ.

ಮಲೆನಾಡ ಅಕ್ಕ: ಗೋಡೆಗಿಂತ ದಾರಿ ಮುಖ್ಯ ಅಣ್ಣ. ಎರಡೂ ಬದಿಗೆ ಬೇಲಿ ಹಾಕಿ, ಒಳಗೆ ಬರುವ ದಾರಿ ಶೂಟರ್ ಬೆನ್ನ ಹಿಂದೆ ಒಂದೇ ಇರಲಿ. ಬರೆಯ ಮೇಲೆ ಕಾಲುದಾರಿ ಇದ್ದರೆ ಅದನ್ನೂ ಮುಚ್ಚಿ, ದನ ಮೇಯಿಸುವವರು ಬಗ್ಗಿ ನೋಡೇ ನೋಡುತ್ತಾರೆ. ಹೊಡೆಯುವಾಗ ಕೆಂಪು ಬಾವುಟ ಕಟ್ಟಿ. ಟಾರ್ಗೆಟ್ ಕಾರ್ಡ್ ಬದಲಾಯಿಸಲು ಯಾರೇ ಮುಂದೆ ಹೋಗಲಿ, ರೈಫಲ್ ಖಾಲಿ ಮಾಡಿ, ಲೋಡಿಂಗ್ ಬಾಯಿ ತೆರೆದು ಮೇಜಿನ ಮೇಲಿಡಬೇಕು, ಆಮೇಲೆ ಅದನ್ನು ಯಾರೂ ಮುಟ್ಟಬಾರದು. ಮಂಗನ ಕಾಟ ಅಂತ ಮನೆಯವರು ಅದೇ ರೈಫಲ್ ಎತ್ತಿಕೊಳ್ಳದ ಹಾಗೆ ಬೀಗ ಹಾಕಿಡಿ.

ಅಡಿಕೆಮನೆ: ಬರೆ ಮೇಲೆ ಕಾಲುದಾರಿ ಇದೆ ಅಕ್ಕ, ಹಾಲಿನವರು ಬರುವುದು ಅಲ್ಲೇ! ಮೊದಲು ಅದನ್ನು ಬೇರೆ ಕಡೆ ತಿರುಗಿಸುತ್ತೇನೆ. ಮರಳಲ್ಲಿ ಉಳಿಯುವ ಸೀಸ ಏನು ಮಾಡುವುದು?

ಹತ್ತರ ಗುರಿ: ಜರಡಿ ಹಿಡಿದು ಡಬ್ಬಿಯಲ್ಲಿ ತುಂಬಿಡಿ, ಗುಜರಿಯವರು ಕೊಳ್ಳುತ್ತಾರೆ. ಧೂಳು ಏಳದ ಹಾಗೆ ಮರಳು ಒದ್ದೆ ಮಾಡಿಕೊಳ್ಳಿ. ಬಾವಿ ಹತ್ತಿರ ಸುರಿಯಬೇಡಿ. ಮಗಳು ಸೋಪು ಹಾಕಿ ಕೈ ತೊಳೆದೇ ಊಟಕ್ಕೆ ಕೂರಲಿ.