ನಾಲ್ಕು ಎನ್ವಿರಾನ್‌ಮೆಂಟ್‌ಗೆ ಒಂದೇ ಟೆಂಪ್ಲೇಟ್: ಸ್ವಂತ ಟೂಲ್ ಬರೆಯಬೇಕೆ?

ಪ್ರಶ್ನೆ (ಗೋಕುಲ ರಸ್ತೆ, ಹುಬ್ಬಳ್ಳಿ): ನಮಸ್ಕಾರ ಮೇಡಂ. ನಮ್ಮದು ಸಣ್ಣ ಕಂಪನಿ. ಬ್ಯಾಡಗಿಯ ದಲಾಲಿ ಅಂಗಡಿಗಳಿಗೆ ಮೆಣಸಿನಕಾಯಿ ಲಾಟುಗಳ ಲೆಕ್ಕ ಇಡುವ ತಂತ್ರಾಂಶ ಮಾಡಿಕೊಟ್ಟಿದ್ದೇವೆ. ಅದು ಕುಬರ್ನೆಟಿಸ್ (ಸರ್ವರ್‌ಗಳಲ್ಲಿ ತಂತ್ರಾಂಶ ಓಡಿಸಿ ನೋಡಿಕೊಳ್ಳುವ ವ್ಯವಸ್ಥೆ) ಮೇಲೆ ಓಡುತ್ತದೆ. ಬರೆಯಲು ಡೆವ್, ಪರೀಕ್ಷಿಸಲು ಸ್ಟೇಜಿಂಗ್, ಗ್ರಾಹಕರ ಬಳಕೆಗೆ ಪ್ರೊಡಕ್ಷನ್ ಎಂದು ಮೂರು ಎನ್ವಿರಾನ್‌ಮೆಂಟ್ ಇದ್ದವು. ಈಗ ಗದಗಿನ ಗ್ರಾಹಕರೊಬ್ಬರು ತಮಗೆ ಬೇರೆಯೇ ಎನ್ವಿರಾನ್‌ಮೆಂಟ್ ಬೇಕೆನ್ನುತ್ತಿದ್ದಾರೆ. ಕಾನ್ಫಿಗ್ ಬರೆಯುವ ಯಾಮಲ್ ಫೈಲುಗಳಲ್ಲಿ ಡಾಲರ್ ಗುರುತಿನ ವೇರಿಯೇಬಲ್ ಇಟ್ಟು, ಶೆಲ್ ಸ್ಕ್ರಿಪ್ಟ್‌ನಲ್ಲಿ ಎನ್ವ್‌ಸಬ್ಸ್ಟ್ ಓಡಿಸಿ ತುಂಬುತ್ತೇವೆ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ನ ಕಾನ್ಫಿಗ್ ಕೂಡ ಅದೇ ದಾರಿಯಲ್ಲಿ ಹೋಗುತ್ತದೆ. ಅದರಲ್ಲಿ ಬರೆದ ಡಾಲರ್ ಯುಆರ್‌ಐ, ಡಾಲರ್ ಹೋಸ್ಟ್ ಎರಡೂ ಸರ್ವರ್ ತಲುಪುವಷ್ಟರಲ್ಲಿ ಮಾಯವಾಗಿರುತ್ತವೆ. ದೋಷ ಸಂದೇಶ ಮಾತ್ರ ಬರುವುದಿಲ್ಲ. ನಮ್ಮ ಹುಡುಗನೊಬ್ಬ ‘ಗೋ ಭಾಷೆಯಲ್ಲಿ ನಮ್ಮದೇ ಟೂಲ್ ಬರೆದುಬಿಡುತ್ತೇನೆ’ ಎಂದು ಪಟ್ಟು ಹಿಡಿದಿದ್ದಾನೆ. ಬಿಡಲೆ, ತಡೆಯಲೆ?

ಉತ್ತರ: ತಡೆಯಿರಿ. ಹುಡುಗ ಚೆನ್ನಾಗಿಯೇ ಬರೆದಾನು. ಆದರೆ ಅವನು ಕೆಲಸ ಬಿಟ್ಟು ಬೆಂಗಳೂರಿಗೆ ಹೋದ ದಿನ ಆ ಟೂಲ್ ನಿಮ್ಮ ಕೊರಳಿಗೆ ಬೀಳುತ್ತದೆ.

ಮೊದಲು ಮಾಯವಾಗುವ ವೇರಿಯೇಬಲ್ ವಿಚಾರ. ಎನ್ವ್‌ಸಬ್ಸ್ಟ್ ಬರುವುದು ಗ್ನೂ ಗೆಟ್‌ಟೆಕ್ಸ್ಟ್ ಎಂಬ ಕಟ್ಟಿನ ಜೊತೆಗೆ. ಅದಕ್ಕೆ ಯಾಮಲ್ ಎಂದರೇನು, ಎಂಜಿನ್‌ಎಕ್ಸ್ ಎಂದರೇನು ಎಂಬುದು ಗೊತ್ತಿಲ್ಲ. ಡಾಲರ್ ಗುರುತಿನ ನಂತರ ಹೆಸರು ಕಂಡರೆ ಶೆಲ್ ಪರಿಸರದಲ್ಲಿ ಹುಡುಕುತ್ತದೆ. ಸಿಗದಿದ್ದರೆ ಆ ಜಾಗವನ್ನು ಖಾಲಿ ಮಾಡಿ ಮುಂದೆ ಹೋಗುತ್ತದೆ. ಯುಆರ್‌ಐ, ಹೋಸ್ಟ್ ಇವು ಎಂಜಿನ್‌ಎಕ್ಸ್‌ನ ಸ್ವಂತ ವೇರಿಯೇಬಲ್‌ಗಳು, ನಿಮ್ಮ ಶೆಲ್‌ನಲ್ಲಿ ಇರುವುದಿಲ್ಲ. ಹಾಗಾಗಿ ಅಳಿದುಹೋದವು. ಪರಿಹಾರ ಸುಲಭ: ಯಾವ ಯಾವ ಹೆಸರುಗಳನ್ನು ಬದಲಿಸಬೇಕು ಎಂಬ ಪಟ್ಟಿಯನ್ನು ಎನ್ವ್‌ಸಬ್ಸ್ಟ್‌ಗೆ ಒಂಟಿ ಉದ್ಧರಣ ಚಿಹ್ನೆಯೊಳಗೆ ಕೊಡಿ, ಉಳಿದವನ್ನು ಅದು ಮುಟ್ಟುವುದಿಲ್ಲ.

ಆದರೆ ನಿಮ್ಮದೇ ವೇರಿಯೇಬಲ್ ಒಂದನ್ನು ಗದಗಿನ ಫೈಲಿನಲ್ಲಿ ಬರೆಯಲು ಮರೆತರೆ? ಅದೂ ಸದ್ದಿಲ್ಲದೆ ಖಾಲಿಯಾಗುತ್ತದೆ. ಸ್ಕ್ರಿಪ್ಟ್‌ನ ಮೇಲೆ ‘ಸೆಟ್ -ಯು’ (ಕೊಡದ ವೇರಿಯೇಬಲ್ ಕಂಡರೆ ನಿಲ್ಲು ಎಂಬ ಆಜ್ಞೆ) ಹಾಕಿದ್ದೇವಲ್ಲ ಎನ್ನಬೇಡಿ. ಹೆಸರನ್ನು ತುಂಬುವುದು ಶೆಲ್ ಅಲ್ಲ, ಬೇರೊಂದು ಪ್ರೋಗ್ರಾಂ, ಆದ್ದರಿಂದ ಶೆಲ್ ಅದನ್ನು ಹಿಡಿಯುವುದಿಲ್ಲ. ಮೂರು ಎನ್ವಿರಾನ್‌ಮೆಂಟ್‌ನಿಂದ ನಾಲ್ಕಕ್ಕೆ ಹೋಗುವಾಗ ಈ ದಾರಿ ಬಿಡಿ ಎನ್ನುವುದು ಇದಕ್ಕೇ.

ನಿಮ್ಮ ಮುಂದೆ ಇರುವ ಟೂಲ್‌ಗಳು ಮುಖ್ಯವಾಗಿ ಎರಡು: ಕಸ್ಟಮೈಜ್ ಮತ್ತು ಹೆಲ್ಮ್. ಕಸ್ಟಮೈಜ್ 2019ರಲ್ಲಿ ಕುಬರ್ನೆಟಿಸ್ 1.14ರ ಜೊತೆ ಕ್ಯೂಬ್‌ಸಿಟಿಎಲ್ (ಕುಬರ್ನೆಟಿಸ್‌ಗೆ ಆಜ್ಞೆ ಕೊಡುವ ಟೂಲ್) ಒಳಗೇ ಸೇರಿತು. ಅದರಲ್ಲಿ ಟೆಂಪ್ಲೇಟೇ ಇಲ್ಲ: ಮೂಲ ಫೈಲುಗಳು ಒಂದು ಕಡೆ, ಪ್ರತಿ ಎನ್ವಿರಾನ್‌ಮೆಂಟ್‌ನ ವ್ಯತ್ಯಾಸ ಮಾತ್ರ ಇನ್ನೊಂದು ಕಡೆ. ಹೆಲ್ಮ್‌ನಲ್ಲಿ ಗೋ ಟೆಂಪ್ಲೇಟ್ ಇದೆ, ಷರತ್ತು ಹಾಕಬಹುದು, ಕುಣಿಕೆ (ಲೂಪ್) ಹಾಕಬಹುದು, ತಲೆಯನ್ನೂ ಕೆಡಿಸಿಕೊಳ್ಳಬಹುದು. ‘ಹೆಲ್ಮ್ ಟೆಂಪ್ಲೇಟ್’ ಎಂಬ ಆಜ್ಞೆ ಕ್ಲಸ್ಟರ್ (ಕುಬರ್ನೆಟಿಸ್ ಓಡುವ ಯಂತ್ರಗಳ ಗುಂಪು) ಇಲ್ಲದೆಯೂ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಪೂರ್ತಿ ಯಾಮಲ್ ತಯಾರಿಸಿಕೊಡುತ್ತದೆ. ನಿಮ್ಮಲ್ಲಿ ಬದಲಾಗುವುದು ಹೋಸ್ಟ್‌ನೇಮ್, ಇಮೇಜ್ ಟ್ಯಾಗ್ (ತಂತ್ರಾಂಶದ ಆವೃತ್ತಿಯ ಗುರುತು), ರೆಪ್ಲಿಕಾ ಸಂಖ್ಯೆ (ಒಟ್ಟಿಗೆ ಓಡುವ ಪ್ರತಿಗಳು) ಇಷ್ಟೇ ಆದರೆ ಕಸ್ಟಮೈಜ್ ಸಾಕು. ಗ್ರಾಹಕರು ತಾವೇ ಇನ್‌ಸ್ಟಾಲ್ ಮಾಡಿಕೊಳ್ಳುವಂತಿದ್ದರೆ ಹೆಲ್ಮ್.

ಯಾವುದನ್ನೇ ಹಿಡಿಯಿರಿ, ತಯಾರಾದ ಯಾಮಲ್ ಅನ್ನು ಒಂದು ಗಿಟ್ (ಬದಲಾವಣೆಗಳ ಇತಿಹಾಸ ಇಡುವ ತಂತ್ರಾಂಶ) ಫೋಲ್ಡರ್‌ನಲ್ಲಿ ಉಳಿಸಿ, ಎನ್ವಿರಾನ್‌ಮೆಂಟ್‌ಗೆ ಒಂದರಂತೆ. ಟೆಂಪ್ಲೇಟ್‌ನಲ್ಲಿ ಒಂದು ಸಾಲು ತಿದ್ದಿದರೆ ನಾಲ್ಕು ಕಡೆ ಏನೇನು ಬದಲಾಯಿತು ಎಂಬುದು ಪರಿಶೀಲಿಸುವವರ ಕಣ್ಣಿಗೆ ಬೀಳಬೇಕು. ಟೆಂಪ್ಲೇಟ್ ಓದಿ ಫಲಿತಾಂಶ ಊಹಿಸುವ ಶಕ್ತಿ ನನಗಂತೂ ಇಲ್ಲ. ಇದೆ ಎನ್ನುವವರನ್ನು ನಾನು ನಂಬುವುದೂ ಇಲ್ಲ. ಕಳುಹಿಸುವ ಮುನ್ನ ‘ಕ್ಯೂಬ್‌ಸಿಟಿಎಲ್ ಡಿಫ್’ ಓಡಿಸಿ, ಓಡುತ್ತಿರುವುದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ತೋರಿಸುತ್ತದೆ. ಸೋಮವಾರ, ಗುರುವಾರ ಬ್ಯಾಡಗಿಯಲ್ಲಿ ವಹಿವಾಟು ಇರುವಾಗ ಪ್ರೊಡಕ್ಷನ್ ಮುಟ್ಟಬೇಡಿ ಎಂದು ನಿಮಗೆ ಹೇಳಬೇಕಾಗಿಲ್ಲ.

ಅದೇ ಸದಸ್ಯರು: ಹೆಲ್ಮ್ ಹಾಕಿ ನೋಡಿದೆ ಮೇಡಂ, ಗದಗಿನವರು ಮುಂದೆ ತಾವೇ ನಡೆಸಿಕೊಳ್ಳುತ್ತಾರಂತೆ. ಟೆಂಪ್ಲೇಟ್‌ಗೆ ತುಂಬುವ ಮೂಲ ವ್ಯಾಲ್ಯೂಸ್ ಫೈಲಿನಲ್ಲಿ ಐದು ಎನ್ವ್ ವೇರಿಯೇಬಲ್‌ಗಳ ಪಟ್ಟಿ ಇದೆ. ಗದಗಿನ ಫೈಲಿನಲ್ಲಿ ಒಂದನ್ನು ಮಾತ್ರ ಬದಲಿಸಿ ಬರೆದರೆ ಉಳಿದ ನಾಲ್ಕು ಕಾಣೆಯಾಗುತ್ತವೆ. ಸ್ಟೇಜಿಂಗ್ ನಿಲ್ಲಿಸಲು ರೆಪ್ಲಿಕಾ 0 ಎಂದು ಬರೆದರೆ 2 ಆಗಿ ಬರುತ್ತದೆ!

ಉತ್ತರ: ಎರಡೂ ಹೆಲ್ಮ್‌ನ ಸ್ವಭಾವ. ಹೆಸರು ಮತ್ತು ಬೆಲೆಯ (ವ್ಯಾಲ್ಯೂ) ಜೋಡಿಗಳಾದರೆ ಅದು ಎರಡು ಫೈಲುಗಳನ್ನು ಬೆಸೆಯುತ್ತದೆ, ಒಂದೇ ಹೆಸರು ಎರಡರಲ್ಲೂ ಇದ್ದರೆ ಕೊನೆಗೆ ಕೊಟ್ಟ ಫೈಲಿನದು ಗೆಲ್ಲುತ್ತದೆ. ಪಟ್ಟಿಯಾದರೆ ಬೆಸೆಯುವುದಿಲ್ಲ, ಹಳೆಯದನ್ನು ಇಡಿಯಾಗಿ ತೆಗೆದು ಹೊಸದನ್ನು ಇಡುತ್ತದೆ. ಆ ಐದನ್ನೂ ಪಟ್ಟಿಯ ಬದಲು ಜೋಡಿಗಳಾಗಿ ಬರೆದಿಟ್ಟು, ಟೆಂಪ್ಲೇಟ್‌ನಲ್ಲಿ ಕುಣಿಕೆ ಹಾಕಿ ಪಟ್ಟಿ ಮಾಡಿಕೊಳ್ಳಿ. ಇನ್ನು ರೆಪ್ಲಿಕಾ ವಿಚಾರ: ಬೆಲೆ ಕೊಡದಿದ್ದಾಗ ಬದಲಿ ಬೆಲೆ ತುಂಬುವ ‘ಡಿಫಾಲ್ಟ್’ ಫಂಕ್ಷನ್ ಸೊನ್ನೆಯನ್ನೂ ಫಾಲ್ಸ್ ಅನ್ನೂ ‘ಏನೂ ಕೊಟ್ಟಿಲ್ಲ’ ಎಂದೇ ಎಣಿಸುತ್ತದೆ. ಟೆಂಪ್ಲೇಟ್‌ನಿಂದ ಅದನ್ನು ತೆಗೆದು 2 ಎಂಬುದನ್ನು ಮೂಲ ವ್ಯಾಲ್ಯೂಸ್ ಫೈಲಿನಲ್ಲೇ ಬರೆಯಿರಿ. ಕಡ್ಡಾಯವಾಗಿ ಬರಲೇಬೇಕಾದವಕ್ಕೆ ‘ರಿಕ್ವೈರ್ಡ್’ ಹಾಕಿ: ಬೆಲೆ ಇಲ್ಲದಿದ್ದರೆ ನೀವು ಬರೆದ ಸಂದೇಶ ತೋರಿಸಿ ಅಲ್ಲೇ ನಿಲ್ಲುತ್ತದೆ.

ಇನ್ನೊಬ್ಬ ಸದಸ್ಯರು (ರಾಣೆಬೆನ್ನೂರು): ಶಾಖೆಗಳ ಎಸ್‌ಟಿಡಿ ಕೋಡ್ ಕಾನ್ಫಿಗ್‌ನಲ್ಲಿದೆ. ಹುಬ್ಬಳ್ಳಿಯ 0836 ಎಂಬುದು 836 ಆಗಿ ಹೋಗಿದೆ.

ಉತ್ತರ: ಉದ್ಧರಣ ಚಿಹ್ನೆ ಇಲ್ಲದಿದ್ದರೆ ಕೆಲವು ಯಾಮಲ್ ಪಾರ್ಸರ್‌ಗಳು (ಫೈಲ್ ಓದುವ ಪ್ರೋಗ್ರಾಂಗಳು) ಅದನ್ನು ಸಂಖ್ಯೆ ಎಂದೇ ಓದಿ ಮೊದಲ ಸೊನ್ನೆ ನುಂಗುತ್ತವೆ. ಆವೃತ್ತಿ 1.20 ಎಂದು ಬರೆದರೆ 1.2 ಆಗುವುದೂ ಹೀಗೆಯೇ. ವ್ಯಾಲ್ಯೂಸ್ ಫೈಲಿನಲ್ಲಿಯೂ ಚಿಹ್ನೆ ಇರಲಿ, ಟೆಂಪ್ಲೇಟ್‌ನಲ್ಲಿ ಚಿಹ್ನೆ ಹಾಕಿಕೊಡುವ ‘ಕೋಟ್’ ಫಂಕ್ಷನ್ ಕೂಡ ಇರಲಿ. ಒಂದೇ ಕಡೆ ಇದ್ದರೆ ಸಾಲದು.

ಮತ್ತೊಬ್ಬ ಸದಸ್ಯರು (ಧಾರವಾಡ, ವಿದ್ಯಾರ್ಥಿ): ತಯಾರಾದ ಯಾಮಲ್ ಅನ್ನು ಗಿಟ್‌ನಲ್ಲಿ ಇಟ್ಟರೆ ಪಾಸ್‌ವರ್ಡ್ ಕೂಡ ಅಲ್ಲಿಗೇ ಹೋಯಿತಲ್ಲವೇ ಮೇಡಂ? ಕುಬರ್ನೆಟಿಸ್‌ನಲ್ಲಿ ಪಾಸ್‌ವರ್ಡ್ ಇಡುವ ಸೀಕ್ರೆಟ್ ಬೇಸ್64ನಲ್ಲಿ ಇರುತ್ತದೆ, ಪರವಾಗಿಲ್ಲವೇ?

ಉತ್ತರ: ಹಾಗೆ ಬಿಡುವಂತಿಲ್ಲ! ಬೇಸ್64 ಬೀಗವಲ್ಲ, ಬರೆಯುವ ಇನ್ನೊಂದು ರೀತಿ ಅಷ್ಟೇ. ಒಂದೇ ಆಜ್ಞೆಗೆ ಬಿಚ್ಚಿಕೊಳ್ಳುತ್ತದೆ. ಸೀಕ್ರೆಟ್‌ಗಳನ್ನು ಈ ಟೆಂಪ್ಲೇಟ್‌ಗಳಿಂದ ಹೊರಗಿಡಿ, ತಂತ್ರಾಂಶ ಹೇಗೆ ಓಡಬೇಕೆಂದು ಹೇಳುವ ಡಿಪ್ಲಾಯ್‌ಮೆಂಟ್‌ನಲ್ಲಿ ಸೀಕ್ರೆಟ್‌ನ ಹೆಸರು ಮಾತ್ರ ಇರಲಿ. ಗಿಟ್‌ನಲ್ಲಿ ಇಡಲೇಬೇಕಾದರೆ ಸಾಪ್ಸ್ ಎಂಬ ಟೂಲ್‌ನಿಂದ ಗೂಢಲಿಪೀಕರಿಸಿ. ಅದು ಹೆಸರುಗಳನ್ನು ಹಾಗೆಯೇ ಬಿಟ್ಟು ಬೆಲೆಗಳನ್ನು ಮಾತ್ರ ಮುಚ್ಚುವುದರಿಂದ ಏನು ಬದಲಾಯಿತೆಂದು ಡಿಫ್‌ನಲ್ಲಿ ಓದಬಹುದು. ಈಗಾಗಲೇ ಪಾಸ್‌ವರ್ಡ್ ಗಿಟ್‌ಗೆ ಸೇರಿದ್ದರೆ ಫೈಲ್ ಅಳಿಸಿ ಪ್ರಯೋಜನವಿಲ್ಲ, ಹಳೆಯ ಕಮಿಟ್‌ನಲ್ಲಿ ಉಳಿದಿರುತ್ತದೆ. ಪಾಸ್‌ವರ್ಡನ್ನೇ ಬದಲಿಸಿ.