ಮೇಷ್ಟ್ರು ಕೂಡಿಟ್ಟ ಹಳೇ ಸಾಮಾನು ಉಳಿಸೋದು ಹೇಗೆ? (ಮಧುಗಿರಿ ಕಡೆ)

ಮಧುಗಿರಿ ಮಗಳು:

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮೂರು ಮಧುಗಿರಿ ತಾಲ್ಲೂಕಿನಲ್ಲಿದೆ. ನಮಗೆ ಕನ್ನಡ ಕಲಿಸಿದ ಮೇಷ್ಟ್ರೊಬ್ಬರು ರಿಟೈರ್ ಆದ ಮೇಲೆ ಸುಮ್ನೆ ಕೂರಲಿಲ್ಲ. ಸೈಕಲ್ ಹತ್ತಿ ಸುತ್ತಲ ಹಳ್ಳಿಗಳಿಗೆಲ್ಲ ಹೋಗಿ, ಅಟ್ಟದ ಮೇಲೆ ಬಿದ್ದಿದ್ದು, ಹಿತ್ತಲಲ್ಲಿ ಮಳೆಗೆ ನೆನೆಯುತ್ತಿದ್ದದ್ದು ಎಲ್ಲ ಕೇಳಿ ತಂದು ಹಳೇ ಶಾಲೆಯ ಎರಡು ಹೆಂಚಿನ ಕೋಣೆಯಲ್ಲಿ ಜೋಡಿಸಿದ್ದಾರೆ. ಕಾಳು ಅಳೆಯೋ ಕೊಳಗ, ಸೇರು, ಪಾವು, ಬಿತ್ತನೆಯ ಕೂರಿಗೆ, ಎತ್ತು ಕಟ್ಟಿ ಬಾವಿಯಿಂದ ನೀರೆತ್ತುತ್ತಿದ್ದ ಕಪಿಲೆಯ ಚರ್ಮದ ಬಾನಿ, ಕಾಳು ತುಂಬಿಡೋ ಆಳೆತ್ತರದ ಮಣ್ಣಿನ ವಾಡೆ. ಶಾನುಭೋಗರ ಮನೆಯಿಂದ ಬಂದ ಒಂಬತ್ತು ಕಡತ, ಒಂದು ಕಟ್ಟು ತಾಳೆಗರಿ. ಅಂಗಳದಲ್ಲಿ ಎರಡು ವೀರಗಲ್ಲು, ಅದರಲ್ಲಿ ಒಂದು ಕೆರೆ ಹತ್ತಿರ ಬಟ್ಟೆ ಒಗೆಯೋ ಕಲ್ಲಾಗಿತ್ತಂತೆ.

ಮೇಷ್ಟ್ರಿಗೆ ಈಗ 84. ಕಣ್ಣು ಅಷ್ಟಾಗಿ ಕಾಣಲ್ಲ. ಹೋದ ತಿಂಗಳು ನನ್ನ ಕೈಗೆ ಬೀಗದ ಕೈ ಕೊಟ್ಟು "ನೀನೇ ನೋಡ್ಕೋಬೇಕಮ್ಮ" ಅಂದರು. ನನಗೆ ಇದರಲ್ಲಿ ಏನೂ ಗೊತ್ತಿಲ್ಲ, ಇಲ್ಲ ಅನ್ನೋಕೂ ಮನಸ್ಸು ಬರಲಿಲ್ಲ. ಈ ಮಳೆಗೆ ಒಂದು ಕೋಣೆ ಸೋರಿದೆ. ಕಡತಗಳ ಮೇಲೆ ಬಿಳಿ ಬಿಳಿಯಾಗಿ ಧೂಳಿನ ಥರ ಇದೆ, ಒದ್ದೆ ಬಟ್ಟೇಲಿ ಒರೆಸಬಹುದಾ? ವೀರಗಲ್ಲು ಚೆನ್ನಾಗಿ ಕಾಣಲಿ ಅಂತ ನಮ್ಮೂರ ಹುಡುಗರು ಪೇಂಟ್ ಹೊಡೆಸೋಣ ಅಂತಿದ್ದಾರೆ. ಇಷ್ಟೆಲ್ಲ ಇಟ್ಟುಕೊಂಡರೆ ಸರ್ಕಾರದವರು ಬಂದು ಎತ್ಕೊಂಡು ಹೋಗ್ತಾರೆ ಅಂತ ಒಬ್ಬರು ಹೆದರಿಸಿದ್ದಾರೆ. ಮೊದಲು ಯಾವುದಕ್ಕೆ ಕೈ ಹಾಕಲಿ?

ಸಿರಾ ಸೀಮೆಯವನು:

ಅಕ್ಕಾ, ಒದ್ದೆ ಬಟ್ಟೆ ಮುಟ್ಟಿಸಬೇಡಿ! ಇದನ್ನು ಹೇಳೋಕೇ ಮೊದಲು ಓಡಿ ಬಂದೆ.

ಆ ಬಿಳಿ ಧೂಳು ಅಂತೀರಲ್ಲ, ಅದರಲ್ಲಿ ಅರ್ಧ ಅಕ್ಷರವೇ ಇರಬಹುದು. ಕಡತ ಅಂದರೆ ಬಟ್ಟೆಗೆ ಹುಣಸೆ ಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಸಿ ಮಾಡಿದ್ದು. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ನಾವು ಸ್ಲೇಟಿನ ಮೇಲೆ ಬರೀತಿದ್ದ ಹಾಗೇ ಅಂದುಕೊಳ್ಳಿ. ಬೇಡದ ಲೆಕ್ಕ ಒರೆಸಿ ಮತ್ತೆ ಬರೆಯೋಕೆ ಅನುಕೂಲ ಅಂತಲೇ ಹಾಗೆ ಮಾಡುತ್ತಿದ್ದದ್ದು. ಅಂದರೆ ನೂರು ವರ್ಷದ ಹಿಂದಿನ ಕಂದಾಯದ ಲೆಕ್ಕ ನೀವು ಒಂದೇ ಸಲ ಕೈಯಾಡಿಸಿದರೂ ಹೋಗುತ್ತೆ. ನಮ್ಮ ದೊಡ್ಡಪ್ಪನ ಮನೆಯಲ್ಲಿ ದೀಪಾವಳಿ ಕ್ಲೀನಿಂಗ್ ಅಂತ ಹೀಗೇ ಮೂರು ಕಡತ ಕಪ್ಪು ಬಟ್ಟೆ ಆಗಿಹೋದವು. ನಾನೇ ನೀರು ತಂದುಕೊಟ್ಟಿದ್ದೆ, ಆಗ ಹತ್ತು ವರ್ಷ ನನಗೆ. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಮಡಿಕೆ ಬಿಚ್ಚೋ ಮೊದಲು ಮೊಬೈಲ್ ರೆಡಿ ಇಟ್ಟುಕೊಳ್ಳಿ. ಒಂದೊಂದು ಮಡಿಕೆ ನಿಧಾನಕ್ಕೆ ಬಿಚ್ಚಿ, ಅಲ್ಲಲ್ಲೇ ಫೋಟೋ ತೆಗೆದು, ಹಾಗೇ ಮುಚ್ಚಿ. ಅಂಟಿಕೊಂಡಿದ್ದರೆ ಬಲವಂತ ಮಾಡಬೇಡಿ. ಹುಣಸೆ ಬೀಜದ ಅಂಟು ಅಂದರೆ ಹುಳಕ್ಕೆ ಊಟ ಇದ್ದ ಹಾಗೆ, ಅದಕ್ಕೇ ಗೋಡೆಗೆ ತಾಗಿಸದೆ, ನೆಲದಿಂದ ಮೇಲೆ ಇಡಿ. ಗಂಜಿ ಹೋಗೋ ತನಕ ಒಗೆದ ಕಾಟನ್ ಬಟ್ಟೆಯಲ್ಲಿ ಸುತ್ತಿ. ಪಕ್ಕದಲ್ಲಿ ಬಜೆ ಬೇರಿನ ಒಂದು ಪೊಟ್ಟಣ ಇಟ್ಟರೆ ಹುಳ ಕಮ್ಮಿ, ಅಜ್ಜಿ ಕಾಲದಿಂದಲೂ ಮಾಡ್ತಾ ಬಂದಿರೋದು.

ತಾಳೆಗರಿ ಬೇರೆ ಥರ. ಅದರಲ್ಲಿ ಅಕ್ಷರ ಕಂಠದಿಂದ (ಬರೆಯೋ ಚೂಪಾದ ಲೋಹದ ಕಡ್ಡಿ) ಕೊರೆದಿರೋದು, ಮಸಿ ಆಮೇಲೆ ತುಂಬಿದ್ದು. ನಿಂಬೆ ಹುಲ್ಲಿನ ಎಣ್ಣೆ ಸವರಿ ಗರಿ ಮೆತ್ತಗೆ ಮಾಡುತ್ತಾರೆ, ಆದರೆ ಅದನ್ನು ಕೈ ಪಳಗಿದವರ ಹತ್ತಿರ ಒಂದು ಸಲ ನೋಡಿ ಕಲಿತು ಮಾಡಿ. ಬಿಸಿಲಿಗೆ ಹಾಕಬೇಡಿ. ದಾರ ಬಿಗಿಯಾಗಿ ಕಟ್ಟಬೇಡಿ.

ಶಾನುಭೋಗಿಕೆ ಹೋಗಿದ್ದು 1961ರ ಕಾಯ್ದೆಯಿಂದ. ಆಮೇಲೆ ಆ ಲೆಕ್ಕ ಯಾರಿಗೂ ಬೇಡವಾಗಿ ಎಷ್ಟೋ ಮನೆಗಳಲ್ಲಿ ನೀರೊಲೆಗೆ ಹೋಯಿತು. ನಿಮ್ಮಲ್ಲಿ ಒಂಬತ್ತು ಉಳಿದಿವೆ ಅಂದರೆ ದೊಡ್ಡದು ಅಕ್ಕಾ.

ಕಲ್ಲು ಓದುವವ, ಚಿಕ್ಕಬಳ್ಳಾಪುರ:

ಮೇಡಂ, ಹುಡುಗರಿಗೆ ಹೇಳಿ, ಪೇಂಟ್ ಬೇಡವೇ ಬೇಡ. ಆಸಿಡ್, ಸುಣ್ಣ, ಎಣ್ಣೆನೂ ಬೇಡ. ಅವರಿಗೆ ಕಲ್ಲು ಚೆನ್ನಾಗಿ ಕಾಣಬೇಕು ತಾನೇ? ಕತ್ತಲಾದ ಮೇಲೆ ಕರೆದುಕೊಂಡು ಹೋಗಿ, ಒಬ್ಬ ಟಾರ್ಚ್ ಹಿಡಿದು ಕಲ್ಲಿನ ಪಕ್ಕದಿಂದ ಓರೆಯಾಗಿ ಬೆಳಕು ಬಿಡಲಿ. ಹಗಲಲ್ಲಿ ಬರೀ ಒರಟು ಕಲ್ಲು ಅಂತ ಕಾಣೋದರಲ್ಲಿ ಕುದುರೆ ಕಾಲು, ಬಿಲ್ಲು, ದನದ ಕೊಂಬು ಎಲ್ಲ ಎದ್ದು ನಿಲ್ಲುತ್ತೆ. ನಾನು ಮೊದಲ ಸಲ ನೋಡಿದಾಗ ಮೈ ಜುಂ ಅಂದಿತ್ತು. ಸಾಮಾನ್ಯವಾಗಿ ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯೋದು, ಮೇಲೆ ಶಿವಲಿಂಗದ ಮುಂದೆ ಅವನು. ಕೆಳಗೆ ದನ ಇದ್ದರೆ ಅದು ತುರುಗೋಳು. ಊರ ದನ ಬಿಡಿಸೋಕೆ ಹೋಗಿ ಸತ್ತ ನಿಮ್ಮೂರಿನವನೇ ಅವನು. ಅವನ ಮುಖಕ್ಕೆ ಪೇಂಟ್ ಬಳಿಯೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳಿ.

ಅಕ್ಷರ ಇದ್ದರೆ ನಮ್ಮ ಕಡೆಯ ಶಾಸನಗಳನ್ನೆಲ್ಲ ಸೇರಿಸಿ ಅಚ್ಚು ಹಾಕಿದ ಎಪಿಗ್ರಾಫಿಯಾ ಕರ್ನಾಟಿಕಾ 12ನೇ ಸಂಪುಟ ನೋಡಿ. ಬಿ.ಎಲ್. ರೈಸ್ ಅವರು 1904ರಲ್ಲಿ ತಂದಿದ್ದು, ತುಮಕೂರು ಜಿಲ್ಲೆಯದು, ತಾಲ್ಲೂಕುವಾರು ನಂಬರ್ ಹಾಕಿದ್ದಾರೆ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ, ಹಾಗಾಗಿ ನಮ್ಮ ಕಡೆಯವು ಕೋಲಾರದ 10ನೇ ಸಂಪುಟದಲ್ಲಿ ಸಿಗುತ್ತವೆ. ಸ್ಕ್ಯಾನ್ ಪ್ರತಿ ಆನ್‌ಲೈನ್‌ನಲ್ಲಿ ಇದೆ. ಶಾಸನದ ಪಾಠ ಕನ್ನಡ ಲಿಪಿಯಲ್ಲೇ ಇದೆ, ಮೇಷ್ಟ್ರಿಗೆ ಓದಿ ಹೇಳಿ. ಅದರಲ್ಲಿ ಸಿಗಲಿಲ್ಲ ಅಂದರೆ ಇನ್ನೂ ಒಳ್ಳೇದು, ಯಾರೂ ಓದದ ಕಲ್ಲು ನಿಮ್ಮ ಅಂಗಳದಲ್ಲಿದೆ ಅಂತ ಆಗಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ, ಅವರಿಗೂ ಬರೆದು ನೋಡಿ.

ಕಾನೂನಿನ ಭಯಕ್ಕೆ: 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕಲ್ಲಿನ, ಲೋಹದ ಶಿಲ್ಪ ಇಂಥವನ್ನು ನೋಂದಣಿ ಮಾಡಿಸಬೇಕು. ನೋಂದಣಿ ಮಾಡಿಸಿದ ಮಾತ್ರಕ್ಕೆ ಯಾರೂ ಎತ್ಕೊಂಡು ಹೋಗಲ್ಲ. ಕೂರಿಗೆ, ವಾಡೆಗೆಲ್ಲ ಅದರ ಗೋಜು ಇಲ್ಲ. ಆದರೆ ವೀರಗಲ್ಲು ಊರಿನ ಸ್ವತ್ತು. ಅದು ಎಲ್ಲಿತ್ತು, ಯಾಕೆ ತಂದಿದ್ದು ಅಂತ ಪಂಚಾಯಿತಿಯಲ್ಲಿ ಒಂದು ನಡಾವಳಿ ಬರೆಸಿ ಇಟ್ಟುಕೊಳ್ಳಿ, ಪುರಾತತ್ವ ಇಲಾಖೆಗೂ ಒಂದು ಅರ್ಜಿ ಕೊಡಿ. ಮುಂದೆ ಯಾರಾದರೂ ತಕರಾರು ತೆಗೆದರೆ ಮೇಷ್ಟ್ರ ಹೆಸರಿಗೆ ಕೆಟ್ಟದ್ದು ಬರಬಾರದು, ಅಲ್ವಾ.

ಕೋಲಾರದ ಚಿನ್ನ:

ಇಬ್ಬರೂ ವಸ್ತುಗಳ ಬಗ್ಗೆ ಚೆನ್ನಾಗಿ ಹೇಳಿದ್ದೀರಿ. ನಾನು ಮೇಷ್ಟ್ರ ಬಗ್ಗೆ ಹೇಳುತ್ತೇನೆ.

ನಮ್ಮದು ಕೆಜಿಎಫ್. ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದ ಊರು ನಮ್ಮದು ಅಂತ ಹೆಮ್ಮೆಯಿಂದ ಹೇಳೋರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅದಾದ ಮೇಲೆ ಎಷ್ಟೋ ಮನೆಗಳಿಂದ ದೀಪ, ಹೆಲ್ಮೆಟ್, ಹಿತ್ತಾಳೆ ಸಾಮಾನು ಗುಜರಿಗೆ ತೂಕದ ಲೆಕ್ಕದಲ್ಲಿ ಹೋಯಿತು. ನಮ್ಮನೆಯಲ್ಲಿ ಗಣಿ ಕೆಲಸಗಾರರಿಗೆ ಕೊಡುತ್ತಿದ್ದ ಒಂದೇ ಒಂದು ಹಿತ್ತಾಳೆ ಬಿಲ್ಲೆ ಉಳಿದಿದೆ. ದುಂಡಗೆ, ಮೇಲೆ ಒಂದು ತೂತು, ನಡುವೆ ನಂಬರ್. ಅಂಚು ಒಂದು ಕಡೆ ಸವೆದಿದೆ, ಹೆಬ್ಬೆರಳು ಅಲ್ಲೇ ಕೂರುತ್ತೆ. ತಾತನದೇ ಬಿಲ್ಲೆಯಾ, ಅವರ ಜೊತೆ ಕೆಳಗಿಳಿದು ವಾಪಸ್ ಬರದ ಇನ್ಯಾರದ್ದೋ? ತಾತ ಇದ್ದಾಗ ನಾನು ಕೇಳಲಿಲ್ಲ. ಈಗ ಕೇಳೋಕೆ ಯಾರೂ ಇಲ್ಲ.

ಹೆಂಚು ಮುಂದಿನ ವಾರನೂ ಸರಿ ಮಾಡಿಸಬಹುದು, ಅಲ್ಲಿ ತನಕ ಟಾರ್ಪಾಲ್ ಹಾಕಿ. ಮೊದಲು ಮೇಷ್ಟ್ರ ಪಕ್ಕ ಕೂತು ಮೊಬೈಲಲ್ಲಿ ರೆಕಾರ್ಡ್ ಆನ್ ಮಾಡಿ. ಒಂದೊಂದು ಸಾಮಾನೂ ಅವರ ಕೈಗೆ ಕೊಡಿ. ಕಣ್ಣು ಕಾಣದಿದ್ದರೂ ಕೈಗೆ ಗೊತ್ತಾಗುತ್ತೆ. ಯಾರ ಮನೆಯದು, ಯಾವ ಊರು, ಕೊಟ್ಟವರು ಏನು ಹೇಳಿ ಕೊಟ್ಟರು, ಎಲ್ಲಾ ಕೇಳಿ. ಒಂದು ದಪ್ಪ ರಿಜಿಸ್ಟರ್ ತಂದು ನಂಬರ್ ಹಾಕಿ ಬರೆಯಿರಿ. ಅದೇ ನಂಬರನ್ನು ಚೀಟಿಯಲ್ಲಿ ಬರೆದು ದಾರದಿಂದ ಸಾಮಾನಿಗೆ ಕಟ್ಟಿ, ಗೋಂದು ಹಚ್ಚಬೇಡಿ. ಈ ಹೊತ್ತಿನಲ್ಲಿ ಮೇಷ್ಟ್ರಿಗೆ ನೆನಪಿರೋದು ಇನ್ನು ಯಾವ ಪುಸ್ತಕದಲ್ಲೂ ಸಿಗಲ್ಲ.

ಮಧುಗಿರಿ ಮಗಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿರಾ ತಮ್ಮಾ, ನೀವು ಹೇಳದಿದ್ದರೆ ನಾನು ನಿಜವಾಗಲೂ ಒರೆಸಿಬಿಡುತ್ತಿದ್ದೆ, ಬಕೆಟ್‌ನಲ್ಲಿ ನೀರು ಕೂಡ ಹಿಡಿದಿಟ್ಟಿದ್ದೆ.

ಈ ಭಾನುವಾರ ಮೇಷ್ಟ್ರ ಮನೆಗೆ ಹೋಗಿದ್ದೆ. ಮೊದಲು ಕೊಳಗವನ್ನೇ ತೆಗೆದುಕೊಂಡು ಹೋದೆ. ತೊಡೆ ಮೇಲೆ ಇಟ್ಟುಕೊಂಡು, ಕಬ್ಬಿಣದ ಪಟ್ಟಿ ಸುತ್ತ ಬೆರಳಾಡಿಸಿ, ಬಾಯಿಯ ಹತ್ತಿರ ಒಂದು ಕಚ್ಚು ಸಿಕ್ಕ ತಕ್ಷಣ ಯಾರ ಮನೆಯದು ಅಂತ ಹೇಳಿದರು. ಆ ಮನೆಯ ಕಣದಲ್ಲಿ ರಾಗಿ ರಾಶಿ ಅಳೆದು, ಕಮ್ಮಾರರಿಗೆ, ಕುಂಬಾರರಿಗೆ, ಅಗಸರಿಗೆ ವರ್ಷದ ಆಯ ಕೊಡುತ್ತಿದ್ದದ್ದು ಇದರಲ್ಲೇ ಅಂತೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಅಳೆಯುವಾಗ ಒಂದು ಅನ್ನದೆ "ಲಾಭ" ಅಂತ ಶುರು ಮಾಡಿ, ಆಮೇಲೆ ಎರಡು, ಮೂರು ಅಂತ ಹೇಳುತ್ತಿದ್ದರಂತೆ. ಅದನ್ನು ಮೇಷ್ಟ್ರು ಹಾಗೇ ರಾಗವಾಗಿ ಹೇಳಿ ತೋರಿಸಿದರು, ರೆಕಾರ್ಡ್ ಆಗಿದೆ. ಮನೆಯವರೆಲ್ಲ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು ಕೇಳಿದರು.

ಒಂದೂವರೆ ಗಂಟೆಯಲ್ಲಿ ನಾಲ್ಕು ಸಾಮಾನು ಮಾತ್ರ ಆಯಿತು, ಅವರಿಗೆ ಸುಸ್ತಾಗುತ್ತೆ. ನಾನು ಎಣಿಸಿದ ಪ್ರಕಾರ ಇನ್ನು ನೂರಾ ಹತ್ತು ಇವೆ. ಶನಿವಾರ ಭಾನುವಾರ ಎರಡೂ ದಿನ ಹೋಗುತ್ತೇನೆ. ಟಾರ್ಪಾಲ್ ಹಾಕಿದ್ದಾಯಿತು. ಹುಡುಗರು ಪೇಂಟ್ ದುಡ್ಡನ್ನು ಹೆಂಚಿಗೆ ಕೊಡುತ್ತೇವೆ ಅಂದಿದ್ದಾರೆ, ಟಾರ್ಚ್ ಬೆಳಕಲ್ಲಿ ಕಲ್ಲು ನೋಡೋಕೂ ಕಾಯುತ್ತಿದ್ದಾರೆ. ಚಿಕ್ಕಬಳ್ಳಾಪುರದ ಸಾರ್, ಒಂದು ಕಲ್ಲಿನ ಮೇಲ್ಭಾಗದಲ್ಲಿ ಎರಡು ಸಾಲು ಅಕ್ಷರ ಇರೋ ಹಾಗಿದೆ. ಬಿಡುವಾದಾಗ ಒಂದು ಸಂಜೆ ನಮ್ಮೂರಿಗೆ ಬರೋಕೆ ಆಗುತ್ತಾ? ಊಟ ನಮ್ಮನೆಯಲ್ಲೇ.