ಎಸ್‌ಕ್ಯೂಎಲ್ ಪ್ಲಸ್: ಹಿಂದಿನ ಆದೇಶವನ್ನು ತಿದ್ದಿ ಮತ್ತೆ ಓಡಿಸುವುದು ಹೇಗೆ?

ಕೊತ್ತತ್ತಿಯವಳು (ಮಂಡ್ಯ):

ನಮಸ್ಕಾರ. ಸಕ್ಕರೆ ಕಾರ್ಖಾನೆಯೊಂದರ ಕಬ್ಬು ವಿಭಾಗದಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಕಬ್ಬು ಹಾಕಿದ 14 ದಿನದೊಳಗೆ ರೈತರಿಗೆ ಹಣ ಸೇರಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಹಾಗಾಗಿ ಕಬ್ಬು ನುರಿಯುವ ಕಾಲದಲ್ಲಿ ಯಾರಿಗೆ ಎಷ್ಟು ಬಾಕಿ ಎಂಬ ಪಟ್ಟಿಯನ್ನು ಹೋಬಳಿವಾರು ತೆಗೆಯುವುದೇ ನನ್ನ ಮುಖ್ಯ ಕೆಲಸ. ಕಸಬಾ, ದುದ್ದ, ಬಸರಾಳು, ಕೆರಗೋಡು, ಕೊತ್ತತ್ತಿ: ಪ್ರಶ್ನೆ (ಕ್ವೆರಿ) ಒಂದೇ, ಹೋಬಳಿಯ ಹೆಸರು ಮಾತ್ರ ಬೇರೆ.

ನಮ್ಮ ಒರಾಕಲ್ ದತ್ತಸಂಚಯ (ಡೇಟಾಬೇಸ್) ಇರುವುದು ಲಿನಕ್ಸ್ ಸರ್ವರ್‌ನಲ್ಲಿ. ಪುಟ್ಟಿ (ದೂರದ ಸರ್ವರ್‌ಗೆ ಸೇರಿಸುವ ತಂತ್ರಾಂಶ) ಮೂಲಕ ಒಳಹೊಕ್ಕು, ಒರಾಕಲ್‌ಗೆ ಆದೇಶ ಟೈಪ್ ಮಾಡುವ ಉಪಕರಣವಾದ ಎಸ್‌ಕ್ಯೂಎಲ್ ಪ್ಲಸ್ ಬಳಸುತ್ತೇನೆ. ಅಲ್ಲಿ ಮೇಲಿನ ಬಾಣದ ಕೀಲಿ ಒತ್ತಿದರೆ ಹಿಂದಿನ ಆದೇಶ ಬರುವುದಿಲ್ಲ, ಏನೋ ಆವರಣ ಚಿಹ್ನೆಗಳು ಬೀಳುತ್ತವೆ. ತಿದ್ದಲು ‘ಇಡಿ’ ಎಂದು ಹೊಡೆದರೆ ‘ಎಎಫ್‌ಐಇಡಿಟಿ.ಬಫ್’ ಎಂಬ ಕಡತ ಬರೆದಿರುವುದಾಗಿ ಹೇಳಿ, ಕೆಳಗೊಂದು ಸಂಖ್ಯೆ ತೋರಿಸಿ ನಿಂತುಬಿಡುತ್ತದೆ. ಪ್ರತಿ ಸಲ ಇಡೀ ಪ್ರಶ್ನೆಯನ್ನು ಮೊದಲಿನಿಂದ ಟೈಪ್ ಮಾಡುವುದು ತಪ್ಪಬೇಕು. ದಾರಿ ಇದೆಯೇ?

ವಿ.ಸಿ. ನಾಲೆ ಏರಿ (ಮದ್ದೂರು):

ಮೇಡಂ, ನೋಟ್‌ಪ್ಯಾಡ್‌ನಲ್ಲಿ ಬರೆದಿಟ್ಟುಕೊಳ್ಳಿ. ಹೆಸರು ಬದಲಿಸಿ, ನಕಲು ಮಾಡಿ, ಪುಟ್ಟಿಯಲ್ಲಿ ಬಲಗುಂಡಿ ಒತ್ತಿ ಅಂಟಿಸಿ. ನಾನು ಮಾಡುವುದು ಇಷ್ಟೇ.

ಸರಸ್ವತಿಪುರಂ ಮೇಷ್ಟ್ರು (ಮೈಸೂರು):

ಅಂಟಿಸುವ ಅಭ್ಯಾಸ ಬೇಡ ತಾಯಿ. ಪ್ರಶ್ನೆಯ ನಡುವೆ ಒಂದು ಖಾಲಿ ಸಾಲು ಇದ್ದರೂ ಎಸ್‌ಕ್ಯೂಎಲ್ ಪ್ಲಸ್ ಅಲ್ಲಿಗೇ ಪ್ರಶ್ನೆ ಮುಗಿಯಿತೆಂದು ತಿಳಿಯುತ್ತದೆ. ಉಳಿದ ಸಾಲುಗಳನ್ನು ಬೇರೆ ಆದೇಶಗಳೆಂದು ಓದಿ ದೋಷ ತೋರಿಸುತ್ತದೆ. ‘ಸೆಟ್ ಎಸ್‌ಕ್ಯೂಎಲ್‌ಬ್ಲಾಂಕ್‌ಲೈನ್ಸ್ ಆನ್’ ಎಂದರೆ ಆ ಕಾಟ ತಪ್ಪುತ್ತದೆ, ನಿಜ. ಆದರೆ ನಿಮಗೆ ಬೇಕಾದದ್ದು ಆ ಉಪಕರಣದೊಳಗೇ ಇದೆ.

ನೀವು ಕೊನೆಯದಾಗಿ ಓಡಿಸಿದ ಪ್ರಶ್ನೆ ಬಫರ್ ಎಂಬ ತಾತ್ಕಾಲಿಕ ಜಾಗದಲ್ಲಿ ಉಳಿದಿರುತ್ತದೆ. ‘ಎಲ್’ ಒತ್ತಿ ಎಂಟರ್ ಹೊಡೆಯಿರಿ, ಸಾಲು ಸಾಲಾಗಿ ಕಾಣುತ್ತದೆ (ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಆದೇಶಗಳನ್ನು ನೀವು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು):

1  ಸೆಲೆಕ್ಟ್ ರೈತ_ಸಂಖ್ಯೆ, ಸಮ್(ಬಾಕಿ)
2  ಫ್ರಮ್ ರವಾನೆ
3  ವೇರ್ ಹೋಬಳಿ = 'ದುದ್ದ'
4* ಗ್ರೂಪ್ ಬೈ ರೈತ_ಸಂಖ್ಯೆ

ನಕ್ಷತ್ರ ಇರುವುದು ಈಗ ಕೈಯಲ್ಲಿರುವ ಸಾಲು. ನಿಮಗೆ ಬೇಕಾದದ್ದು ಮೂರನೆಯದು. ಬರೀ 3 ಎಂದು ಹೊಡೆದರೆ ನಕ್ಷತ್ರ ಅಲ್ಲಿಗೆ ಹೋಗುತ್ತದೆ. ಆಮೇಲೆ:

ಸಿ/ದುದ್ದ/ಬಸರಾಳು/

ತಿದ್ದಿದ ಸಾಲನ್ನು ಅದೇ ತೋರಿಸುತ್ತದೆ. ಆ ಸಾಲಿನಲ್ಲಿ ಹಳೆಯ ಪದ ಎರಡು ಕಡೆ ಇದ್ದರೆ ಮೊದಲನೆಯದು ಮಾತ್ರ ಬದಲಾಗುತ್ತದೆ, ಗಮನಿಸಿ. ಎತ್ತಿನ ಗಾಡಿಯಲ್ಲಿ ಬಂದ ಕಬ್ಬು ಮಾತ್ರ ಬೇಕೆಂದರೆ ಅದೇ ಸಾಲಿನ ತುದಿಗೆ ‘ಎ’ ಆದೇಶದಿಂದ ‘ಆ್ಯಂಡ್ ವಾಹನ = 'ಗಾಡಿ'’ ಎಂದು ಸೇರಿಸಬಹುದು. ‘ಎ’ ಆದಮೇಲೆ ಎರಡು ಜಾಗ ಬಿಡಿ, ಒಂದೇ ಬಿಟ್ಟರೆ ಹೊಸ ಮಾತು ಹಳೆಯದಕ್ಕೆ ಅಂಟಿಕೊಳ್ಳುತ್ತದೆ. ‘ಐ’ ಹೊಸ ಸಾಲು ಸೇರಿಸುತ್ತದೆ, ‘ಡೆಲ್’ ಅಳಿಸುತ್ತದೆ.

ಈಗ ಓಡಿಸುವ ವಿಚಾರ. ಇದನ್ನು ನನ್ನ ವಿದ್ಯಾರ್ಥಿಗಳಿಗೆಲ್ಲ ಒತ್ತಿ ಹೇಳಿದ್ದೇನೆ, ನಿಮಗೂ ಹೇಳುತ್ತೇನೆ. ಬರೀ ‘/’ ಹೊಡೆದರೂ ಓಡುತ್ತದೆ, ‘ಆರ್’ ಹೊಡೆದರೂ ಓಡುತ್ತದೆ. ‘ಆರ್’ ಮೊದಲು ಪ್ರಶ್ನೆಯನ್ನು ತೋರಿಸಿ ಓಡಿಸುತ್ತದೆ, ಓರೆಗೆರೆ ಏನನ್ನೂ ತೋರಿಸದೆ ಓಡಿಸುತ್ತದೆ. ಬರೀ ಓದುವ ಪ್ರಶ್ನೆಗೆ ಯಾವುದಾದರೂ ಸರಿ. ಆದರೆ ಯಾರೋ ಟನ್ನಿಗೆ 50 ರೂಪಾಯಿ ಹೆಚ್ಚಿಸಲು ‘ದರ = ದರ + 50’ ಎಂದು ಅಪ್‌ಡೇಟ್ ಮಾಡಿದರು ಎನ್ನಿ. ಆಮೇಲೆ ಕೋಷ್ಟಕದ ರಚನೆ ನೋಡಲು ‘ಡೆಸ್ಕ್’ ಹೊಡೆದರು, ಸಾಲಿನ ಅಗಲ ಬದಲಿಸಲು ‘ಸೆಟ್’ ಹೊಡೆದರು. ಈ ಎರಡೂ ಬಫರ್‌ಗೆ ಹೋಗುವುದಿಲ್ಲ. ಪರದೆಯಲ್ಲಿ ಅಪ್‌ಡೇಟ್ ಮೇಲೆ ಸರಿದುಹೋಗಿದೆ, ಬಫರ್‌ನಲ್ಲಿ ಮಾತ್ರ ಅದೇ ಕುಳಿತಿದೆ. ಆಗ ‘/’ ಬಿದ್ದರೆ ದರ 100 ರೂಪಾಯಿ ಏರುತ್ತದೆ. ‘ಆರ್’ ಕೂಡ ತೋರಿಸಿದ ಮರುಕ್ಷಣವೇ ಓಡಿಸಿಬಿಡುತ್ತದೆ, ತಡೆಯಲು ಸಮಯ ಕೊಡುವುದಿಲ್ಲ. ಆದ್ದರಿಂದ ಅಪ್‌ಡೇಟ್, ಡಿಲೀಟ್ ಮಾಡುವ ದಿನ ಮೊದಲು ‘ಎಲ್’ ಹೊಡೆದು, ಕಣ್ಣಾರೆ ಓದಿ, ಆಮೇಲೆ ಓಡಿಸಿ. ತಪ್ಪಿದರೆ ಕೂಡಲೇ ‘ರೋಲ್‌ಬ್ಯಾಕ್’ ಮಾಡಿ (ಮಾಡಿದ ಬದಲಾವಣೆ ರದ್ದಾಗುತ್ತದೆ). ‘ಎಕ್ಸಿಟ್’ ಎಂದು ಹೊರಬಂದರೆ ಎಸ್‌ಕ್ಯೂಎಲ್ ಪ್ಲಸ್ ತಾನಾಗಿಯೇ ‘ಕಮಿಟ್’ ಮಾಡಿ ಬದಲಾವಣೆಯನ್ನು ಕಾಯಂ ಮಾಡಿಬಿಡುತ್ತದೆ, ಅದರ ಮೂಲ ಗುಣವೇ ಅದು. ರೈತರ ದುಡ್ಡಿನ ಕೋಷ್ಟಕದ ಮೇಲೆ ಕೈ ಇಡುವವರಿಗೆ ಇದು ತಿಳಿದಿರಲೇಬೇಕು.

‘ಇಡಿ’ ಏಕೆ ನಿಂತುಬಿಡುತ್ತದೆ ಎಂದರೆ, ಅದು ತೆರೆದಿರುವುದು ‘ಇಡಿ’ ಎಂಬ ಹಳೆಯ ಯುನಿಕ್ಸ್ ಸಾಲು ಸಂಪಾದಕವನ್ನು. ನೀವು ಕಂಡ ಸಂಖ್ಯೆ ಕಡತದ ಗಾತ್ರ. ‘ಕ್ಯೂ’ ಒತ್ತಿ ಎಂಟರ್ ಹೊಡೆದರೆ ಹೊರಬರುತ್ತೀರಿ. ‘ಡಿಫೈನ್ _ಎಡಿಟರ್=ವಿಐ’ ಎಂದು ಕೊಟ್ಟರೆ ಮುಂದಿನ ಸಲ ವಿಐ ಎಂಬ ಪೂರ್ಣ ಪರದೆಯ ಸಂಪಾದಕ ತೆರೆಯುತ್ತದೆ. ಅಲ್ಲಿ ತಿದ್ದಿ ಉಳಿಸಿ ಹೊರಬನ್ನಿ, ಪ್ರಶ್ನೆ ಬಫರ್‌ಗೆ ಬಂದಿರುತ್ತದೆ. ಒಳಗೆ ಕೊನೆಯ ಸಾಲಿನಲ್ಲಿ ಓರೆಗೆರೆ ಇರುತ್ತದೆ, ಅದನ್ನು ಹಾಗೇ ಬಿಡಿ. ಪ್ರಶ್ನೆಯ ತುದಿಗೆ ಅರ್ಧವಿರಾಮ ಸೇರಿಸಿದರೆ ಓಆರ್‌ಎ-00911 ದೋಷ ಬರಬಹುದು.

ಕುಕ್ಕರಹಳ್ಳಿ ಏರಿ (ಮೈಸೂರು):

ಮೇಷ್ಟ್ರು ಹೇಳಿದ್ದೆಲ್ಲ ಸರಿ, ಆದರೆ ಐದು ಹೋಬಳಿಗೆ ಐದು ಸಲ ತಿದ್ದುವುದೇ ಏಕೆ? ಮೂರನೆಯ ಸಾಲನ್ನು ಒಮ್ಮೆ ‘ಹೋಬಳಿ = '&ಹೋಬಳಿ'’ ಎಂದು ಮಾಡಿಬಿಡಿ. ಪ್ರತಿ ಸಲ ‘/’ ಹೊಡೆದಾಗ ಅದು ತಾನೇ ಹೋಬಳಿಯ ಹೆಸರು ಕೇಳುತ್ತದೆ, ನೀವು ಬಸರಾಳು, ಕೆರಗೋಡು ಎಂದು ತುಂಬಿದರಾಯಿತು. ‘ಸೇವ್ ಬಾಕಿ’ ಎಂದರೆ ಪ್ರಶ್ನೆ ಕಡತದಲ್ಲಿ ಉಳಿಯುತ್ತದೆ, ನಾಳೆ ‘@ಬಾಕಿ’ ಸಾಕು.

ಒರಾಕಲ್ 12.2 ಅಥವಾ ಮೇಲಿನದಾದರೆ ‘ಸೆಟ್ ಹಿಸ್ಟರಿ ಆನ್’ ಕೊಡಿ. ‘ಹಿಸ್ಟ್’ ಎಂದರೆ ಹಿಂದಿನ ಆದೇಶಗಳ ಪಟ್ಟಿ, ‘ಹಿಸ್ಟ್ 5 ರನ್’ ಎಂದರೆ ಐದನೆಯದು ಓಡುತ್ತದೆ. ಬಾಣದ ಕೀಲಿಯೇ ಬೇಕೆಂದರೆ ಸರ್ವರ್‌ನಲ್ಲಿ ಆರ್‌ಎಲ್‌ವ್ರ್ಯಾಪ್ ಎಂಬ ಸಣ್ಣ ತಂತ್ರಾಂಶ ಹಾಕಿಸಿ, ‘ಆರ್‌ಎಲ್‌ವ್ರ್ಯಾಪ್ ಎಸ್‌ಕ್ಯೂಎಲ್‌ಪ್ಲಸ್’ ಎಂದು ಆರಂಭಿಸಬೇಕು.

ನಾನು ಈಗ ಪೋಸ್ಟ್‌ಗ್ರೆಸ್ ಎಂಬ ಬೇರೆ ದತ್ತಸಂಚಯ ಬಳಸುತ್ತಿದ್ದೇನೆ. ಆದೇಶ ಹೊಡೆಯುವ ಅದರ ಉಪಕರಣ ಪಿಎಸ್‌ಕ್ಯೂಎಲ್‌ನಲ್ಲಿ ಬಾಣದ ಕೀಲಿ ಕೆಲಸ ಮಾಡುತ್ತದೆ, ‘\ಇ’ ಹೊಡೆದರೆ ಹಿಂದಿನ ಪ್ರಶ್ನೆ ಸಂಪಾದಕದಲ್ಲಿ ತೆರೆಯುತ್ತದೆ. ಆದರೆ ಅಲ್ಲಿ ತಿದ್ದಿ ಉಳಿಸಿದಾಗ ತುದಿಯಲ್ಲಿ ಅರ್ಧವಿರಾಮ ಇದ್ದರೆ, ಹೊರಬಂದ ಕೂಡಲೇ ಓಡಿಬಿಡುತ್ತದೆ. ಮೇಷ್ಟ್ರ ಎಚ್ಚರಿಕೆ ಅಲ್ಲಿಗೂ ಸಲ್ಲುತ್ತದೆ.

ಕೊತ್ತತ್ತಿಯವಳು:

ಇಬ್ಬರಿಗೂ ಧನ್ಯವಾದ. ‘&’ ಹಾಕಿ ಐದು ಪಟ್ಟಿಯನ್ನೂ ತೆಗೆದೆ. ನಮ್ಮದು 11.2, ಹಿಸ್ಟರಿ ಇಲ್ಲ. ಆರ್‌ಎಲ್‌ವ್ರ್ಯಾಪ್ ಹಾಕಿಕೊಡಲು ಸರ್ವರ್ ನೋಡಿಕೊಳ್ಳುವವರಿಗೆ ಬರೆದಿದ್ದೇನೆ. ಮೇಷ್ಟ್ರೇ, ಒಂದೇ ಸಲ ಓಡಿಸಿ ಪ್ರತಿ ಹೋಬಳಿಯನ್ನು ಬೇರೆ ಪುಟದಲ್ಲಿ ಮುದ್ರಿಸಬಹುದೇ? ಫಲಕಕ್ಕೆ ಅಂಟಿಸಬೇಕು.

ಸರಸ್ವತಿಪುರಂ ಮೇಷ್ಟ್ರು:

ಆಗುತ್ತದೆ. ‘ಸೆಲೆಕ್ಟ್’ ಮತ್ತು ‘ಗ್ರೂಪ್ ಬೈ’ ಎರಡರಲ್ಲೂ ಹೋಬಳಿಯನ್ನು ಮೊದಲು ಸೇರಿಸಿ, ಮೂರನೆಯ ಸಾಲನ್ನು ‘ಡೆಲ್ 3’ ಎಂದು ತೆಗೆಯಿರಿ, ಕೊನೆಗೆ ‘ಆರ್ಡರ್ ಬೈ ಹೋಬಳಿ’ ಹಾಕಿ. ಓಡಿಸುವ ಮೊದಲು ‘ಬ್ರೇಕ್ ಆನ್ ಹೋಬಳಿ ಸ್ಕಿಪ್ ಪೇಜ್’ ಎಂದು ಕೊಡಿ. ಇದು ಬಫರ್‌ಗೆ ಹೋಗುವುದಿಲ್ಲ, ನಿಮ್ಮ ಪ್ರಶ್ನೆ ಹಾಗೇ ಇರುತ್ತದೆ. ‘ಸ್ಪೂಲ್’ ಮಾಡಿ ಕಡತಕ್ಕೆ ಇಳಿಸಿಕೊಳ್ಳಿ.